ಬಣ್ಣದ ಬಾನಿಗೆ ಕೈಯಿಟ್ಟ ಕಲಾವಿದ

ಆಂಗ್ಲ ದೇಶದ ವಿಲಿಯಂ ಮಾರಿಸನು ಕವಿಯೆಂದೂ ಸಮತಾವಾದಿಯೆಂದೂ ಪ್ರಸಿದ್ಧನು. ಭಿತ್ತಿಗೂ ಬಟ್ಟೆಗೂ ಆತನು ತಂದ ಅಲಂಕಾರವನ್ನು ಈ ದಿನ ವಾಚಕರ ಗಮನಕ್ಕೆ ತರಬಯಸುತ್ತೇವೆ.

1834ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ ಆತನು 1857ರಲ್ಲಿ ಗೆಳೆಯರೊಡನೆ ಆಕ್ಸ್‌ಫರ್ಡಿನ ಚರ್ಚಾಮಂದಿರದ ಗೋಡೆಗಳ ಮೇಲೆ ಆರ್ಥರ್ ರಾಜನ ಕಥೆಗಳನ್ನು ಚಿತ್ರಿಸಿದನು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಗೋಡೆಯ ಹದವನ್ನು ಬಲ್ಲವರು ಮಾತ್ರ ಇರಲಿಲ್ಲ. ಹೊಸ ಇಟ್ಟಿಗೆಗೆ ಸುಣ್ಣ ಬಳಿದು ಅದರ ಮೇಲೆಯೇ ಹಚ್ಚಿದ ಬಣ್ಣವು ಬಹುಬೇಗ ಮಾಸಿತು.

ಬಟ್ಟೆಯ ಕೆಲಸದಲ್ಲಿ ಆತನು ಸಾಮಗ್ರಿಯಿಂದಲೇ ಆರಂಭಿಸಿದನು. ಯಂತ್ರಯುಗದ ಕೃತಕ ಬಣ್ಣಗಳು ಆತನಿಗೆ ಒಗ್ಗಲಿಲ್ಲ. 1875ರಿಂದ ಲೀಕ್ ಪಟ್ಟಣದಲ್ಲಿ ಥಾಮಸ್ ವಾರ್ಡಲನ ಬಳಿ ನೀಲಿ, ಮಂಜಿಷ್ಠಗಳ ಮರ್ಮವನ್ನು ಅಭ್ಯಾಸಮಾಡಿದನು. ನಮ್ಮ ಬಣ್ಣಗಾರರು ಪುರಾತನದಿಂದ ಬಲ್ಲ ಆ ವಿದ್ಯೆಗಾಗಿ ಆ ಶ್ರೀಮಂತನು ಮೊಣಕೈವರೆಗೆ ನೀಲಿಯಾಗಲು ನಾಚಲಿಲ್ಲ.

ಸ್ಫೂರ್ತಿಯನ್ನರಸಿ ಆತನು ದೂರ ಹೋಗಲಿಲ್ಲ. ಕೆಲ್ಮ್‌ಸ್ಕಾಟ್ ಗ್ರಾಮದ ಮನೆಯ ತೋಟದಲ್ಲಿ ಸ್ಟ್ರಾಬೆರಿ ಹಣ್ಣನ್ನು ಕದಿಯುತ್ತಿದ್ದ ಹಕ್ಕಿಗಳೇ 1883ರ ಪ್ರಸಿದ್ಧ ಬಟ್ಟೆಯ ವಿನ್ಯಾಸವಾದವು. ಅರಿವೆಯನ್ನೆಲ್ಲ ಮೊದಲು ನೀಲಿಯಲ್ಲಿ ಅದ್ದಿ, ಚಿತ್ರ ಬೇಕಾದೆಡೆ ಬಣ್ಣ ತೆಗೆದು, ಬಳಿಕ ಕೆಂಪು ಹಳದಿಗಳನ್ನು ಅಚ್ಚೊತ್ತಬೇಕಾಗಿತ್ತು.

ಆದುದರಿಂದ ಬೆಲೆ ಏರಿತು. ಶ್ರಮಜೀವಿಗೆ ಸಲ್ಲಬೇಕಾದ ಸೊಬಗು ಧನಿಕರ ಮನೆಯನ್ನೇ ಸೇರಿತು. ಈ ವ್ಯಥೆಯು ಆತನನ್ನು ಬಿಡಲಿಲ್ಲ. ಅದೇ 1883ರಲ್ಲಿ ಆತನು ಸಮತಾವಾದಿಗಳ ಪಕ್ಷವನ್ನು ಸೇರಿ, 1896ರಲ್ಲಿ ಮಡಿಯುವವರೆಗೂ ಆ ಪಥವನ್ನು ತೊರೆಯಲಿಲ್ಲ.

ಕೈಗೆ ಬಣ್ಣ ಹತ್ತಿಸಿಕೊಂಡವನಿಗೇ ಕೈಕೆಲಸದವನ ಬಾಳು ಕಾಣುವುದೆಂದು ನಾವು ನಂಬುತ್ತೇವೆ.