ಕೈಸರನ ಎಡಗೈ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯನ್ನು ಆಳುತ್ತಿದ್ದ ಎರಡನೆಯ ವಿಲ್‌ಹೆಲ್ಮ್ ಚಕ್ರವರ್ತಿಯನ್ನು ಲೋಕವು ಕೈಸರ್ ಎಂಬ ಬಿರುದಿನಿಂದಲೇ ಅರಿತಿದೆ. ಮೇಲಕ್ಕೆ ತಿರುವಿದ ಮೀಸೆ, ಎದೆಯ ತುಂಬ ಪದಕಗಳು, ಸಭೆ ದೊರೆತಲ್ಲೆಲ್ಲ ಗರ್ಜಿಸುವ ಮಾತು, ಇವು ಅವನ ಕುರುಹುಗಳು. ಅಷ್ಟಮದಗಳಲ್ಲಿ ರಾಜ್ಯಮದಕ್ಕೆ ನಿದರ್ಶನ ಬೇಕೆಂದವರಿಗೆ ಇವನಿಗಿಂತ ಸುಲಭವಾದ ಹೆಸರು ದೊರೆಯಲಾರದು. ಆದರೆ ಅವನ ಚಿತ್ರಪಟಗಳನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ಕಾಣದಿರದು. ಎಡಗೈ ಖಡ್ಗದ ಹಿಡಿಯ ಮೇಲೆ ಊರಿರುತ್ತದೆ, ಇಲ್ಲವೆ ಕೈಗವಸನ್ನು ಹಿಡಿದಿರುತ್ತದೆ, ಇಲ್ಲವೆ ಮೇಲಂಗಿಯಲ್ಲಿ ಅಡಗಿರುತ್ತದೆ. ಅವನ ಚರಿತ್ರೆಯನ್ನು ಆ ಕೈಯಿಂದ ಆರಂಭಿಸುವುದೇ ಯುಕ್ತ.

1859ನೆಯ ಇಸವಿ ಜನವರಿ 27ರಂದು ಬರ್ಲಿನ್ ನಗರದಲ್ಲಿ ಅವನ ಜನನವಾಯಿತು. ತಾಯಿಯು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹಿರಿಯ ಮಗಳು. ಆಗ ಆಕೆಗೆ 18 ವರ್ಷ. ಗರ್ಭದಲ್ಲಿ ಶಿಶುವಿನ ತಲೆ ಮೇಲಾಗಿದ್ದುದರಿಂದ ಹೆರಿಗೆ ಬಹು ಕಷ್ಟವಾಯಿತು. ಆ ಎಳೆದಾಟದಲ್ಲಿ ಎಡತೋಳಿನ ನರಗಳಿಗೆ ಪೆಟ್ಟಾಗಿ, ಕೈ ಬೆಳೆಯದೆ ಹೋಯಿತು. ದೊಡ್ಡವನಾದಾಗ ಅದು ಬಲಗೈಗಿಂತ ಸುಮಾರು 15 ಸೆಂಟಿಮೀಟರಿನಷ್ಟು ಗಿಡ್ಡವಾಗಿತ್ತು.

ಮುಂದೆ ಸಿಂಹಾಸನವೇರಬೇಕಾದ ಕೂಸಿಗೆ ಈ ಊನವಿರಬಾರದೆಂದು ಅರಮನೆಯವರು ಮಾಡಿದ ಉಪಚಾರಗಳು ಕೇಳಿದವರ ಮೈ ನಡುಗಿಸುತ್ತವೆ. ಆಗತಾನೆ ಕೊಂದ ಮೊಲದ ಬಿಸಿಯೊಡಲಿನಲ್ಲಿ ತೋಳನ್ನು ಇರಿಸಿದರು. ಎಡಗೈಯನ್ನು ಬಳಸಲೆಂದು ಬಲಗೈಯನ್ನು ಮೈಗೆ ಕಟ್ಟಿದರು. ವಿದ್ಯುತ್ತನ್ನು ಹಾಯಿಸಿದರು. ವಾಲಿದ ಕತ್ತನ್ನು ನೆಟ್ಟಗೆ ಮಾಡಲು ಯಂತ್ರ ತೊಡಿಸಿದರು, ಕಡೆಗೆ ಕತ್ತಿನ ಸ್ನಾಯುವನ್ನೇ ಕತ್ತರಿಸಿದರು. ಹಿಂಟ್ಸ್‌ಪೀಟರ್ ಎಂಬ ಗುರುವು, ಒಂದು ಕೈಯಿಂದ ತೋಲನ ಸಾಲದೆ ಬಾಲಕನು ಕುದುರೆಯಿಂದ ಬಿದ್ದು ಬಿದ್ದು ಅತ್ತರೂ, ಮತ್ತೆ ಮತ್ತೆ ಹತ್ತಿಸಿದನು. ಹುಡುಗ ಸವಾರನಾದದ್ದು ನಿಜ. ಆದರೆ ತಾಯಿ ತನ್ನ ತವರಿಗೆ ಬರೆದ ಪತ್ರಗಳಲ್ಲಿ ಆ ಕೈಯ ವ್ಯಥೆಯೇ ತುಂಬಿತ್ತು. ಆಕೆಯ ಪ್ರೀತಿಯಲ್ಲಿ ಕೊರತೆಯಿತ್ತೆಂದು ಹೇಳಲಾರೆವು. ಆ ಪ್ರೀತಿಯೊಡನೆ ನಾಚಿಕೆಯೂ ಬೆರೆತಿತ್ತು, ಎಳೆಯ ಮಕ್ಕಳು ಇದನ್ನು ಬಹುಬೇಗ ಅರಿಯುತ್ತವೆ. ಮಕ್ಕಳೊಂದಿಗರಾದ ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಲಿ.

ಅಂಗ ಊನವಾದವರೆಲ್ಲರೂ ಗರ್ವಿಷ್ಠರಾಗುವುದಿಲ್ಲ. ಊನವನ್ನು ಯಾರೂ ಕಾಣಕೂಡದೆಂಬ ಭಯವು ಮನೆಮಾಡಿದಲ್ಲಿ ಮಾತ್ರ ಬಿಂಕವು ಬೇಲಿಯಾಗಿ ಬೆಳೆಯುತ್ತದೆ. 1888ರಲ್ಲಿ ಅಜ್ಜನು ತೀರಿ, ತಂದೆಯೂ 99 ದಿನ ಮಾತ್ರ ಆಳಿ ಗಂಟಲಿನ ಕ್ಯಾನ್ಸರಿನಿಂದ ಮಡಿಯಲು, ವಿಲ್‌ಹೆಲ್ಮನು 29ನೆಯ ವಯಸ್ಸಿನಲ್ಲಿ ಪಟ್ಟವೇರಿದನು. ತಂದೆಯ ಪ್ರಾಣ ಹೋದೊಡನೆ ಅರಮನೆಗೆ ಸೈನಿಕರ ಕಾವಲು ಹಾಕಿಸಿ ತಾಯಿಯ ಕಾಗದಪತ್ರಗಳನ್ನು ಹುಡುಕಿಸಿದನು. 1890ರಲ್ಲಿ ಸಾಮ್ರಾಜ್ಯವನ್ನು ಕಟ್ಟಿದ ವೃದ್ಧ ಮಂತ್ರಿ ಬಿಸ್ಮಾರ್ಕನನ್ನು ಹೊರಗಟ್ಟಿದನು. ದಿನಕ್ಕೆ ಹಲವು ಸಲ ಸಮವಸ್ತ್ರ ಬದಲಿಸುವನು. ಬಲಗೈಯ ಉಂಗುರಗಳನ್ನು ಒಳಮುಖವಾಗಿ ತಿರುಗಿಸಿಕೊಂಡು, ಕೈಕುಲುಕಿದವರು ನೋವಿನಿಂದ ಮುಖ ಕಿವುಚುವಂತೆ ಹಿಸುಕುವನು. 1898ರಲ್ಲಿ ಜೆರೂಸಲೇಮಿಗೆ ಹೋದಾಗ ಅವನ ಪ್ರವೇಶಕ್ಕಾಗಿ ಯಾಫಾ ದ್ವಾರದ ಬಳಿ ಕೋಟೆಗೋಡೆಯನ್ನೇ ಒಡೆದರು. ಅವನು ಕುದುರೆಯೇರಿ ಒಳಹೊಕ್ಕನು. (ಆ ಯಾತ್ರೆಯಲ್ಲಿ ಅವನು ಹಡಗಿನಿಂದಿಳಿದ ಹೈಫಾ ಪಟ್ಟಣವನ್ನು 20 ವರ್ಷಗಳ ಮೇಲೆ, 1918ರ ಸೆಪ್ಟೆಂಬರ್ 23ರಂದು, ಅವನ ಮಿತ್ರರಾದ ತುರ್ಕರಿಂದ ಗೆದ್ದವರಲ್ಲಿ ನಮ್ಮ ಮೈಸೂರಿನ ಅಶ್ವದಳದವರೂ ಇದ್ದರು.)

ಇಂಗ್ಲೆಂಡಿನ ವಿಷಯದಲ್ಲಿ ಅವನ ಮನಸ್ಸು ಇಬ್ಬಗೆಯಾಗಿತ್ತು. ಅಜ್ಜಿ ತನಗೆ ಬ್ರಿಟಿಷ್ ನೌಕಾಪಡೆಯ ಗೌರವ ಪದವಿ ಕೊಟ್ಟಾಗ ಬಾಲಕನಂತೆ ಹಿಗ್ಗಿದನು. ಅದೇ ನೌಕಾಪಡೆಯ ಮೇಲಿನ ಅಸೂಯೆಯಿಂದ ತಾನೂ ಹಡಗುಗಳನ್ನು ಕಟ್ಟಿಸಿದನು. 1901ರಲ್ಲಿ ಆ ಅಜ್ಜಿಯ ಮರಣಶಯ್ಯೆಯ ಬಳಿ, ಎಡಗೈ ನೆರವಿಗೆ ಬಾರದಿರಲು, ಬಲದ ತೋಳೊಂದರಿಂದಲೇ ಎರಡು ಗಂಟೆಗೂ ಮೀರಿ ಆಕೆಯನ್ನು ಆತುಕೊಂಡಿದ್ದನು. ಹಿಡಿಯಷ್ಟು ಮಮತೆ ದೊರೆತಲ್ಲಿ ಅವನು ಎಂತಹವನಾಗಬಲ್ಲನೆಂಬುದಕ್ಕೆ ನಮಗೆ ಈ ಒಂದು ಪ್ರಸಂಗ ಸಾಕು.

ಬಿಂಕದ ಬೇಲಿ ಮುರಿದುದು 1908ರಲ್ಲಿ. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಅವನ ಮಾತುಗಳು ಅಚ್ಚಾದವು. ತನ್ನ ಪ್ರಜೆಗಳಲ್ಲಿ ಬಹುಮಂದಿ ಆಂಗ್ಲರಿಗೆ ವಿರೋಧಿಗಳು, ತಾನು ಮಾತ್ರ ಅವರ ಸ್ನೇಹಿತನೆಂಬ ಆತ್ಮಪ್ರಶಂಸೆ ಅದರಲ್ಲಿತ್ತು. ಇಂಗ್ಲೆಂಡು ನಂಬಲಿಲ್ಲ, ಜರ್ಮನಿ ಕೆರಳಿತು. ಶಾಸನಸಭೆಯಲ್ಲಿ ಎಲ್ಲ ಪಕ್ಷದವರೂ ಎದ್ದುನಿಂತು ಖಂಡಿಸಿದರು. ಆಗ ಸಿಂಹದಂತೆ ಗುಡುಗುತ್ತಿದ್ದವನು ಹಾಸಿಗೆ ಹಿಡಿದನು. ಪಟ್ಟವನ್ನೇ ತ್ಯಜಿಸುವ ಮಾತಾಡಿದನು. ಹೊಗಳಿಕೆಯ ಊರುಗೋಲಿಲ್ಲದೆ ಅವನಿಗೆ ನಿಲ್ಲಲು ಬಾರದೆಂಬುದು ಬಯಲಾಯಿತು. ಸುತ್ತಲಿನವರು ಆಗಲಾದರೂ ಸತ್ಯವನ್ನು ಮೆಲ್ಲನೆ ನುಡಿಯುವುದನ್ನು ಕಲಿಯಬಹುದಾಗಿತ್ತು. ಬದಲಾಗಿ ಮತ್ತಷ್ಟು ಸ್ತುತಿಸಿ ಎಬ್ಬಿಸಿ ಕೂರಿಸಿದರು. ಮರುವರ್ಷ ಮಂತ್ರಿ ಬ್ಯೂಲೋ ಅಧಿಕಾರ ಕಳೆದುಕೊಂಡನು.

1914ರಲ್ಲಿ ಬಂದ ಯುದ್ಧಕ್ಕೆ ಅವನೊಬ್ಬನೇ ಕಾರಣನಲ್ಲ, ನಿರ್ದೋಷಿಯೂ ಅಲ್ಲ. ಅವನ ನೋವನ್ನು ಅರಿತ ಮಾತ್ರಕ್ಕೆ ಆ ಯುದ್ಧದಲ್ಲಿ ಮಡಿದ ಲಕ್ಷಾಂತರ ಜನರ ಲೆಕ್ಕ ತೀರುವುದಿಲ್ಲ. ಯುದ್ಧ ಸಾಗಿದಂತೆ ಸೇನಾನಿಗಳೇ ಅಧಿಕಾರ ನಡೆಸಿ, ಅವನನ್ನು ಹೆಸರಿಗಷ್ಟೆ ಉಳಿಸಿದರು. 1918ರ ನವೆಂಬರ್ 9ರಂದು, ಅವನು ಒಪ್ಪುವ ಮೊದಲೇ, ಪಟ್ಟತ್ಯಾಗದ ಘೋಷಣೆ ಬರ್ಲಿನ್ನಿನಿಂದ ಹೊರಟಿತು.

ಮರುದಿನ ಗಡಿ ದಾಟಿ ಹಾಲೆಂಡನ್ನು ಹೊಕ್ಕವನು ಮತ್ತೆ ಸ್ವದೇಶವನ್ನು ಕಾಣಲಿಲ್ಲ. ಡೋರ್ನ್ ಎಂಬ ಊರಿನ ಮನೆಯಲ್ಲಿ 1941ರ ಜೂನ್ 4ರಂದು ಸಾಯುವವರೆಗೆ, ಸೋಲಿನ ಹೊಣೆಯನ್ನು ಒಮ್ಮೆ ಯಹೂದಿಗಳ ಮೇಲೆ, ಒಮ್ಮೆ ಆಂಗ್ಲರ ಮೇಲೆ ಹೊರಿಸುತ್ತ, ತೋಟದ ಮರಗಳನ್ನು ಕಡಿದು ಸೌದೆ ಸೀಳುತ್ತ ಕಾಲ ಕಳೆದನು. ಬರೆಯುವ ಮೇಜಿನ ಮುಂದೆ ಕುರ್ಚಿಯ ಬದಲು ಕುದುರೆಯ ಜೀನನ್ನೇ ಆಸನವಾಗಿ ಇರಿಸಿಕೊಂಡಿದ್ದನು. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಹೋದವರು ಆ ಜೀನನ್ನು ನೋಡಬಹುದು.