ಟಿಕೆಟು ಮಾರಿದ ಬಡಗಿ

ಕಳೆದ ದೀಪಾವಳಿಯ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. ಅಕ್ಕ ಇರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅವಳ ಬಾಣಂತನಕ್ಕೆ ಅಪ್ಪ ಅಮ್ಮ ಮಾರ್ಚಿನಲ್ಲಿ ಹೋಗಬೇಕು. ಪ್ಯಾರಿಸಿನವರೆಗೆ ವಿಮಾನ, ಅಲ್ಲಿಂದ ಗಡಿ ದಾಟುವ ರೈಲು. ಬುಕ್ ಮಾಡುವ ಕೆಲಸ ನನ್ನ ತಲೆಗೆ ಬಂತು. ವಿಮಾನ ಇಳಿದ ಮೂರು ಗಂಟೆಗೆ ಹೊರಡುವ ಒಂದು ಅಗ್ಗದ ಟಿಕೆಟನ್ನು ಆರಿಸಿದೆ. ಅದನ್ನು ಬದಲಾಯಿಸುವ ಹಾಗಿಲ್ಲ, ರೈಲು ತಪ್ಪಿದರೆ ದುಡ್ಡು ಹೋಯಿತು. ಅಪ್ಪ ಒಪ್ಪಲಿಲ್ಲ. ವಿಮಾನ ತಡವಾದರೆ ಭಾಷೆ ಬಾರದ ಊರಲ್ಲಿ ನಿಮ್ಮಮ್ಮನನ್ನು ಎಲ್ಲಿ ಕೂರಿಸಲಿ ಅಂತ ಕೇಳಿದರು. ನಾನು ಉತ್ತರ ಕೊಡದೆ ಎದ್ದುಹೋದೆ.

ಆ ವಾರವೇ ಲೈಬ್ರರಿಯಲ್ಲಿ ಥಾಮಸ್ ಕುಕ್‌ನ ಜೀವನ ಓದಿದ್ದು. ಮುಂಬಯಿ ಕೋಟೆ ಪ್ರದೇಶದಲ್ಲಿ ಆ ಹೆಸರಿನ ಬೋರ್ಡನ್ನು ನಾವೆಲ್ಲ ಕಂಡವರೇ. ಅದು ಒಬ್ಬ ಮನುಷ್ಯನ ಹೆಸರು ಅಂತ ನಾನಂತೂ ಯೋಚಿಸಿರಲಿಲ್ಲ.

ಆತ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್‌ನ ಮೆಲ್ಬರ್ನ್ ಎಂಬ ಹಳ್ಳಿಯಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ತೋಟದ ಕೂಲಿಗೆ ಹೋದ. ಮುಂದೆ ಬಡಗಿ ಕೆಲಸ ಕಲಿತ, ಆಮೇಲೆ ಬ್ಯಾಪ್ಟಿಸ್ಟ್ ಪಂಥದ ಪ್ರಚಾರಕನಾಗಿ ಹಳ್ಳಿ ಹಳ್ಳಿ ಸುತ್ತಿದ. 1829ರ ಒಂದೇ ವರ್ಷದಲ್ಲಿ ಎರಡು ಸಾವಿರ ಮೈಲಿಗೂ ಹೆಚ್ಚು ಕಾಲ್ನಡಿಗೆಯಲ್ಲೇ ಓಡಾಡಿದನಂತೆ. ಮುಂದೆ ಲೋಕವನ್ನೆಲ್ಲ ರೈಲು ಹತ್ತಿಸಿದವನು ಇವನೇ!

ಕುಡಿತ ಬಡವರ ಮನೆ ಹಾಳುಮಾಡುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. 1841ರಲ್ಲಿ ಪಾನನಿರೋಧದ ಸಭೆಯೊಂದಕ್ಕೆ ಲೆಸ್ಟರ್‌ಗೆ ನಡೆದು ಹೋಗುವಾಗ, ಜನರನ್ನು ಒಟ್ಟಾಗಿ ರೈಲಿನಲ್ಲಿ ಕರೆದೊಯ್ದರೆ ಹೇಗೆ ಅಂತ ಹೊಳೆಯಿತು. ರೈಲ್ವೆಯವರನ್ನು ಒಪ್ಪಿಸಿದ. ಜುಲೈ 5ರಂದು ಸುಮಾರು 500 ಮಂದಿಯನ್ನು ಲೆಸ್ಟರ್‌ನಿಂದ ಲಫ್‌ಬರೋಗೆ ಕರೆದುಕೊಂಡು ಹೋಗಿ ವಾಪಸ್ಸು ತಂದ. ತಲೆಗೆ ಒಂದು ಶಿಲ್ಲಿಂಗ್. ದೂರ ಹನ್ನೊಂದು-ಹನ್ನೆರಡು ಮೈಲಿ, ನಮ್ಮ ಠಾಣೆಯಿಂದ ಡೊಂಬಿವಲಿಗಿಂತ ತುಸು ಹೆಚ್ಚು ಅನ್ನಿ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಅವನು ಕರೆತಂದವರು ಒಂದೂವರೆ ಲಕ್ಷ.

ಗಡಿ ದಾಟಿದ್ದು 1855ರಲ್ಲಿ. ಪ್ಯಾರಿಸಿನಲ್ಲಿ ಪ್ರದರ್ಶನ ನಡೆದಿತ್ತು. ಕಾಲುವೆ ದಾಟಿಸುವ ಹತ್ತಿರದ ದಾರಿಯವರು ಇವನಿಗೆ ರಿಯಾಯಿತಿ ಕೊಡಲಿಲ್ಲ. ಇವನು ಸುಮ್ಮನಾಗದೆ ಸುತ್ತುದಾರಿ ಹಿಡಿದ: ಹಾರಿಚ್‌ನಿಂದ ಹಡಗಿನಲ್ಲಿ ಆಂಟ್‌ವರ್ಪ್, ಆಮೇಲೆ ಬ್ರಸೆಲ್ಸ್, ಕಲೋನ್, ರೈನ್ ನದಿ, ಹೈಡೆಲ್‌ಬರ್ಗ್, ಸ್ಟ್ರಾಸ್‌ಬರ್ಗ್, ಕೊನೆಗೆ ಪ್ಯಾರಿಸ್. ಆಗ ಸ್ಟ್ರಾಸ್‌ಬರ್ಗಿನ ಹತ್ತಿರ ರೈನ್ ಮೇಲೆ ರೈಲ್ವೆ ಸೇತುವೆಯೂ ಇರಲಿಲ್ಲ, ಅದು ಬಂದದ್ದು 1861ರಲ್ಲಿ. ಒಂದೊಂದು ರಾಜ್ಯಕ್ಕೆ ಒಂದೊಂದು ರೈಲು, ಒಂದೊಂದು ನಾಣ್ಯ. ಆ ಪ್ರವಾಸದಲ್ಲಿ ಕುಕ್‌ಗೆ ನಷ್ಟವೇ ಆಯಿತು.

ಆದರೂ ಬಿಡಲಿಲ್ಲ. 1863ರಲ್ಲಿ ಸ್ವಿಟ್ಜರ್ಲೆಂಡ್, ಮರುವರ್ಷ ಇಟಲಿ. ಬೇರೆ ಬೇರೆ ರೈಲ್ವೆಗಳ ಜೊತೆ ಮಾತಾಡಿ, ಪೂರ್ತಿ ದಾರಿಯ ಟಿಕೆಟುಗಳನ್ನು ಪ್ರಯಾಣಿಕ ಹೊರಡುವ ಮೊದಲೇ ಅವನ ಕೈಗಿಡುವ ವ್ಯವಸ್ಥೆ ಮಾಡಿದ. 1868ರಿಂದ ಹೋಟೆಲಿಗೂ ಕೂಪನ್ನು. 1872-73ರಲ್ಲಿ ತಾನೇ ಒಂದು ತಂಡ ಕಟ್ಟಿಕೊಂಡು 222 ದಿನಗಳಲ್ಲಿ ಭೂಮಿ ಸುತ್ತಿದ, ಆ ದಾರಿಯಲ್ಲಿ ನಮ್ಮ ದೇಶಕ್ಕೂ ಬಂದ. 1873ರಲ್ಲಿ ಯುರೋಪಿನ ರೈಲುಗಳ ವೇಳಾಪಟ್ಟಿಯನ್ನು ಅವನ ಸಂಸ್ಥೆ ಅಚ್ಚುಹಾಕಿತು. 1881ರಲ್ಲಿ ಮುಂಬಯಿಯಲ್ಲೂ ಕಚೇರಿ ತೆರೆಯಿತು.

ಆದರೆ ಆ ಹೊತ್ತಿಗೆ ಅವನು ಸಂಸ್ಥೆಯಲ್ಲಿ ಇರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಮಗ ಜಾನ್ ಮೇಸನ್ ಕುಕ್ ಬಲು ಚುರುಕು, ಲೆಕ್ಕದ ಮನುಷ್ಯ. ಅಪ್ಪ ವ್ಯಾಪಾರದ ಜೊತೆ ಧರ್ಮಕಾರ್ಯ ಬೆರೆಸೋದು, ಅದಕ್ಕೆ ದುಡ್ಡು ಸುರಿಯೋದು ಅವನಿಗೆ ಸರಿಬರಲಿಲ್ಲ. 1870ರ ದಶಕದ ಕೊನೆಗೆ ಇಬ್ಬರೂ ಬೇರೆಯಾದರು, ಅಪ್ಪ ಲೆಸ್ಟರ್ ಮನೆಗೆ ಹಿಂತಿರುಗಿದ. ಮಗನ ಕೈಯಲ್ಲಿ ಸಂಸ್ಥೆ ಇನ್ನೂ ದೊಡ್ಡದಾಯಿತು, ಅದನ್ನು ಇಲ್ಲ ಅನ್ನಲಾಗದು. 1880ರಲ್ಲಿ ಮಗಳು ಆನಿ, 1884ರಲ್ಲಿ ಹೆಂಡತಿ ಮೇರಿಯಾನ್ ತೀರಿಕೊಂಡರು. ಮುದುಕನ ಕಣ್ಣೂ ಹೋಯಿತು. 1891ರಲ್ಲಿ ಸಂಸ್ಥೆಯ ಐವತ್ತನೆಯ ವರ್ಷದ ಔತಣ ಲಂಡನ್ನಿನಲ್ಲಿ ವೈಭವದಿಂದ ನಡೆದಾಗ ಅದನ್ನು ಹುಟ್ಟುಹಾಕಿದವನೇ ಅಲ್ಲಿರಲಿಲ್ಲ. ಮರುವರ್ಷ ಜುಲೈ 18ರಂದು ಸತ್ತ.

1928ರಲ್ಲಿ ಮೊಮ್ಮಕ್ಕಳು ಸಂಸ್ಥೆಯನ್ನು ಮಾರಿದರು. ಬ್ರಿಟನ್ನಿನ ಕಂಪನಿ 2019ರ ಸೆಪ್ಟೆಂಬರಿನಲ್ಲಿ ದಿವಾಳಿ ಎದ್ದಿತು. ಭಾರತದ ಕಂಪನಿ ಅಷ್ಟರಲ್ಲಾಗಲೇ ಬೇರೆಯವರ ಕೈಯಲ್ಲಿದ್ದುದರಿಂದ ಉಳಿಯಿತು. ವೇಳಾಪಟ್ಟಿಯ ಪುಸ್ತಕವನ್ನು ಸಂಸ್ಥೆ 2013ರಲ್ಲಿ ನಿಲ್ಲಿಸಿದಾಗ, ಅದರಲ್ಲಿ ದುಡಿದವರೇ ಮರುವರ್ಷ ಸ್ವತಂತ್ರವಾಗಿ ಮತ್ತೆ ಹೊರತಂದರು. ಯಾವುದು ಬಾಳುತ್ತೆ, ಯಾವುದು ಬಾಳೋಲ್ಲ ಅಂತ ಲೆಕ್ಕ ಹಾಕಿ ಹೇಳೋದು ಕಷ್ಟ.

ಪುಸ್ತಕ ಮುಚ್ಚಿದಾಗ ನನ್ನ ಅಗ್ಗದ ಟಿಕೆಟು ನೆನಪಾಯಿತು. ಅಪ್ಪ ಕೇಳಿದ್ದು ದುಡ್ಡಿನ ಪ್ರಶ್ನೆಯೇ ಅಲ್ಲ. ಪ್ಯಾರಿಸಿನ ಆ ನಿಲ್ದಾಣದಲ್ಲಿ ಅಮ್ಮ ಕೂತಿರುವುದು ಅವರ ಕಣ್ಣಿಗೆ ಕಟ್ಟಿತ್ತು, ನನಗೆ ಕಟ್ಟಿರಲಿಲ್ಲ. ವಿಮಾನ ನಿಲ್ದಾಣದಿಂದ ಊರೊಳಗಿನ ಪೂರ್ವ ನಿಲ್ದಾಣಕ್ಕೆ ಹೋಗುವುದೇ ಒಂದು ಪ್ರಯಾಣ. ವಿಮಾನದ ಟಿಕೆಟು ಬೇರೆ, ರೈಲಿನ ಟಿಕೆಟು ಬೇರೆ. ಒಂದು ತಡವಾದರೆ ಇನ್ನೊಬ್ಬರು ಕಾಯುವುದಿಲ್ಲ. ಅಷ್ಟನ್ನೂ ನಾನು ಯೋಚಿಸಿರಲಿಲ್ಲ.

ಸಂಜೆಯ ರೈಲಿಗೆ, ಬದಲಾಯಿಸಬಹುದಾದ ಟಿಕೆಟನ್ನೇ ಕೊಂಡೆ. ಎರಡು ಗಡಿಯಾರದ ಹೊತ್ತು, ಬೋಗಿ, ಸೀಟು, ಅಕ್ಕನ ಫೋನು ಎಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಪ್ಪನ ಮುಂದಿಟ್ಟೆ. ಸ್ಟ್ರಾಸ್‌ಬರ್ಗ್ ಆದಮೇಲೆ ನದಿ ಬರುತ್ತೆ, ಅದೇ ರೈನ್, ಅದರಾಚೆ ಜರ್ಮನಿ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಏನೂ ಅನ್ನಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು.