ಮಣ್ಣಿನಲ್ಲಿ ಮದ್ದು ಕಂಡವರು

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನಂಥ ಒಣ ಬಯಲಿನ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಕಂಪು ಬಹುಮಟ್ಟಿಗೆ ಸ್ಟ್ರೆಪ್ಟೊಮೈಸಿಸ್ ಮೊದಲಾದ ಮಣ್ಣಿನ ಬ್ಯಾಕ್ಟೀರಿಯಗಳ ಕೊಡುಗೆ. ಅದೇ ಕುಲದ ಜೀವಿಯೊಂದರಿಂದ ಅಮೂಲ್ಯ ಔಷಧವನ್ನು ಪಡೆದ ವಿಜ್ಞಾನಿ ಎಂ. ಜೆ. ತಿರುಮಲಾಚಾರ್.

1914ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ, ಪೈರುಗಳಿಗೆ ತುಕ್ಕುರೋಗ, ಕಾಡಿಗೆರೋಗಗಳನ್ನು ತರುವ ಶಿಲೀಂಧ್ರಗಳನ್ನು ಅಭ್ಯಸಿಸಿದರು. ಬಿ. ಬಿ. ಮುಂಡ್ಕೂರರೊಡನೆ ರಚಿಸಿದ ಕಾಡಿಗೆ ಶಿಲೀಂಧ್ರಗಳ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಮುಂದೆ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯ ಸಂಶೋಧನ ವಿಭಾಗವನ್ನು ಮುನ್ನಡೆಸಿದರು.

ಪೆನಿಸಿಲಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಶಿಲೀಂಧ್ರಗಳೆದುರು ಅದು ನಿಷ್ಫಲ. ಮನುಷ್ಯನ ಶಿಲೀಂಧ್ರರೋಗಗಳಿಗೆ ಆಗ ಔಷಧಗಳು ವಿರಳವಾಗಿದ್ದವು. ಈ ಕೊರತೆಯನ್ನು ನೀಗಲು ತಿರುಮಲಾಚಾರ್ ಮಣ್ಣಿನ ಜೀವಿಗಳನ್ನೇ ಶೋಧಿಸಿದರು. 1961ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹ್ಯಾಮೈಸಿನ್ ಎಂಬ ಔಷಧವನ್ನು ಲೋಕಕ್ಕೆ ತಿಳಿಸಿದರು. ಅದನ್ನು ನೀಡಿದ ಜೀವಿಗೆ ಪಿಂಪ್ರಿಯ ಹೆಸರನ್ನೇ ಇಟ್ಟರು.

ಈ ಔಷಧದ ರಚನೆ ಸೋಜಿಗದ್ದು. ಆ ಜೀವಿಯ ಕಿಣ್ವಗಳು ಬೆಂಜೀನ್ ವಲಯವುಳ್ಳ ಪುಟ್ಟ ಅಣುವೊಂದರಿಂದ ಆರಂಭಿಸಿ, ದಾರಕ್ಕೆ ಹೂ ಪೋಣಿಸುವಂತೆ ಇಂಗಾಲದ ಸಣ್ಣ ತುಣುಕುಗಳನ್ನು ಒಂದೊಂದಾಗಿ ಸೇರಿಸುತ್ತವೆ. ಉದ್ದವಾದ ಆ ಸರಪಳಿ ಕಡೆಗೆ ಬಳೆಯಂತೆ ಬಾಗಿ ಕೂಡಿಕೊಳ್ಳುತ್ತದೆ. ಹೀಗೆ ಸಿದ್ಧವಾದ ಅಣು ಶಿಲೀಂಧ್ರದ ಕೋಶಪೊರೆಗೆ ಅಂಟಿ ಅದನ್ನು ಕೆಡಿಸುತ್ತದೆ.

1964ರಲ್ಲಿ ಅವರ ತಂಡವು ಇದೇ ಬಗೆಯ ಆರಿಯೊಫಂಗಿನ್ ಎಂಬ ಮದ್ದನ್ನು ಪ್ರಕಟಿಸಿತು. ಅದು ಬೆಳೆಗಳ ರಕ್ಷಣೆಗೆ ಒದಗಿತು. ಪೈರಿನ ರೋಗದಿಂದ ಮೊದಲಾದ ಅಧ್ಯಯನ ಹೀಗೆ ಮರಳಿ ರೈತನ ಹೊಲವನ್ನೇ ಸೇರಿತು.

ತಿರುಮಲಾಚಾರ್ 1999ರಲ್ಲಿ ನಿಧನರಾದರು. ಕಾಲಡಿಯ ಮಣ್ಣನ್ನು ಕಡೆಗಣಿಸದೆ ಅದರಲ್ಲಿ ಲೋಕದ ನೋವಿಗೆ ಮದ್ದನ್ನು ಅರಸಿದ ಅವರ ಬಾಳು ಅನುಕರಣೀಯವಾದುದು.